ಎದುರುಗಾಳಿಯ ವಾಮನ ಕಾಕಾ

ವಾಮನ ಕಾಕಾ ಸೈಕಲ್ ಏರುವ ಮುನ್ನ ಗೇಟಿನಲ್ಲಿ ನಿಂತು, ಶಲ್ಯದ ತುದಿಯನ್ನು ಗಾಳಿಗೆ ಹಿಡಿಯುತ್ತಿದ್ದರು. ಅದು ಹಾರಿದ ದಿಕ್ಕು ನೋಡಿ, "ಇವತ್ತ ಹೋಗೂವಾಗ ಸಾಡೇಸಾತಿ, ಬರೂವಾಗ ಮಜಾ" ಎಂದು ಪಂಚಾಂಗ ಓದಿದಂತೆ ಸಾರುತ್ತಿದ್ದರು.

ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅವರದು, ಕಸುಬು ಪೌರೋಹಿತ್ಯ. ಪ್ರತಿ ಭಾನುವಾರ ಅಷ್ಟು ದೂರದ ಕಮಲಾಪುರಕ್ಕೆ ಸೈಕಲ್ಲಿನಲ್ಲೇ ಪೂಜೆಗೆ ಹೋಗಿ, ಅಲ್ಲಿನ ಕೆಂಪು ಬಾಳೆಹಣ್ಣನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಬರುತ್ತಿದ್ದರು. ಬಸ್ಸಿದೆಯಲ್ಲ ಎಂದರೆ, "ಬಸ್ಸಿನಾಗ ಮಡಿ ಉಳೀತದೇನ ಪೋರಿ?" ಎನ್ನುವರು. ದಾರಿಯ ಹೋಟೆಲಿನಲ್ಲಿ ಚಹಾ ಕುಡಿಯುವುದು ನಮಗೆಲ್ಲ ಗೊತ್ತಿತ್ತು. "ಕುದ್ದದ್ದಕ್ಕ ಮೈಲಿಗಿ ಇಲ್ಲ" ಎಂಬುದು ಅವರೇ ಮಾಡಿಕೊಂಡ ಶಾಸ್ತ್ರ. ನಿಜ ಹೇಳಬೇಕೆಂದರೆ ಅವರಿಗೆ ಸೈಕಲ್ಲಿನ ಹುಚ್ಚು.

ನಾನಾಗ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಕ್ಷತ್ರಗಳ ನಡುವಿನ ತೆಳುವಾದ ಅನಿಲ ಸೌರಮಂಡಲದೊಳಗೆ ಗಾಳಿಯಂತೆ ಬೀಸುತ್ತದೆ. ಸೂರ್ಯನನ್ನು ಸುತ್ತುವ ಧೂಳಿನ ಕಣದ ಕಕ್ಷೆಯನ್ನು ಅದು ಹೇಗೆ ಬದಲಿಸುತ್ತದೆ ಎಂಬುದು ನನ್ನ ವಿಷಯ. ಕಣ ಅರ್ಧ ಸುತ್ತು ಗಾಳಿಗೆ ಎದುರಾಗಿ, ಅರ್ಧ ಸುತ್ತು ಗಾಳಿಯ ಜೊತೆ ಹೋಗುತ್ತದೆ; ಅಲ್ಲಿ ಕಳೆದದ್ದು ಇಲ್ಲಿ ಸಿಗುತ್ತದೆ; ಹಾಗಾಗಿ ಕಕ್ಷೆ ಇದ್ದಷ್ಟೇ ದೊಡ್ಡದಿರುತ್ತದೆ ಎಂದು ಬರೆದಿದ್ದೆ. ಗೈಡ್ ಅದನ್ನು ಹಿಂದಿರುಗಿಸಿ, "ತಪ್ಪ ಎಲ್ಲಿ ಅದ ಹುಡುಕ್ರಿ, ಇಲ್ಲಂದ್ರ ಸೋಮವಾರದ ಸೆಮಿನಾರ್ ಬಿಡ್ರಿ" ಎಂದರು. ಭಾನುವಾರ ಸಂಜೆಯಾದರೂ ತಪ್ಪು ಸಿಕ್ಕಿರಲಿಲ್ಲ. ಅಂಗಳದಲ್ಲಿ ಕೂತು ಅಳುವುದೊಂದೇ ಬಾಕಿ.

ಕಮಲಾಪುರದಿಂದ ಬಂದಿಳಿದ ಕಾಕಾ ಬೆವರೊರೆಸುತ್ತ ಎಲ್ಲ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕರು.

"ಸಮಾ ಹ್ಯಾಂಗ ಆಗ್ತದ? ನೀ ಎಂದಾರ ಸೈಕಲ್ ಹೊಡದೀಯೇನು? ಎದುರುಗಾಳಿ ಕಸಗೊಂಡಷ್ಟು ಬೆನ್ನಗಾಳಿ ಕೊಡಂಗಿಲ್ಲ. ನಿಂತಾಂವಗ ಬಡಿಯೂ ಗಾಳಿ ಬ್ಯಾರೆ, ಓಡಾಂವಗ ಬಡಿಯೂ ಗಾಳಿ ಬ್ಯಾರೆ."

ಗಾಳಿಯ ಹೊಡೆತ ಲೆಕ್ಕ ಹಾಕುವಾಗ ಧೂಳು ತಾನೂ ಓಡುತ್ತಿದೆ ಎಂಬುದನ್ನೇ ನಾನು ಮರೆತಿದ್ದೆ! ಕಣದ ಸ್ವಂತ ವೇಗವನ್ನು ಸೇರಿಸಿದ್ದೇ ತಡ, ಕಕ್ಷೆ ಬರಬರುತ್ತ ಕಿರಿದಾಗತೊಡಗಿತು. ಸೆಮಿನಾರು ಉಳಿಯಿತು. ಆ ವಾರದ ಬಾಳೆಹಣ್ಣೆಲ್ಲ ನನ್ನ ಪಾಲಾಯಿತು.

ವಯಸ್ಸಾದಂತೆ ಕಾಕಾರ ಸುತ್ತೂ ಕಿರಿದಾಯಿತು. ಕಮಲಾಪುರ ಬಿಟ್ಟು ಊರಂಚಿನ ಕೋಟನೂರ, ಆಮೇಲೆ ಊರೊಳಗಿನ ನೆಹರು ಗಂಜ್, ಕೊನೆಗೆ ಮನೆಯ ಗೇಟು. ಕಳೆದ ಬೇಸಿಗೆಯಲ್ಲಿ ಕಡೆಯ ಸಲ ಕಂಡಾಗ, ಕುರ್ಚಿಯಲ್ಲಿ ಕೂತೇ ಶಲ್ಯವನ್ನು ಗಾಳಿಗೆ ಹಿಡಿದಿದ್ದರು.

"ಪೋರಿ, ನಿನ್ನ ಧೂಳು ಕಡೀಕ ಎಲ್ಲಿಗಿ ಹೋಗ್ತದ?"

"ಸೂರ್ಯನ ಹತ್ರರೀ ಕಾಕಾ."

"ದಿನಾ ಅರ್ಘ್ಯ ಕೊಟ್ಟಾಂವ ನಾ. ಗುರುತಿನ ಮನಿನೇ ಬಿಡು!" ಎಂದು ನಕ್ಕರು.

ಅವರಿಲ್ಲದ ಮೊದಲ ಭಾನುವಾರ ಅವರ ಸೈಕಲ್ ಏರಿ ಕಮಲಾಪುರಕ್ಕೆಂದು ಹೊರಟೆ. ಊರು ದಾಟುವಷ್ಟರಲ್ಲೇ ಎದುರುಗಾಳಿಗೆ ಸಾಕಾಯಿತು, ನಗುತ್ತಲೇ ತಿರುಗಿಸಿದೆ. ಬರುವಾಗ ಬೆನ್ನಗಾಳಿ ಸಿಕ್ಕಿತು. ಆದರೆ ಕಾಕಾ ಹೇಳಿದ್ದು ನಿಜ, ಕಸಿದುಕೊಂಡಷ್ಟನ್ನು ಅದು ಕೊಡಲಿಲ್ಲ.