ಕಣದ ಮೇಲೆ ಕೆಂಪು ಕಾರು

ಕಳೆದ ಶನಿವಾರ ಮಧ್ಯಾಹ್ನ ಕೋಲಸಿರ್ಸಿಯಲ್ಲಿ ನಾನು, ನನ್ನ ಭಾವ ಮತ್ತು ಟಿಲ್ಲರ್ ರಿಪೇರಿಯ ಮಂಜಣ್ಣ, ಮೂವರೂ ಚಪ್ಪಲಿ ಕಳಚಿ ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಸುತ್ತ ಬರಿಗಾಲಲ್ಲಿ ನಿಂತಿದ್ದೆವು. ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರಿಗೆ ಪೂಜೆಯೇನೋ ಎಂದು ಕತ್ತು ಹೊರಹಾಕಿ ನೋಡಿದರು. ಪೂಜೆಯಲ್ಲ. ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುವುದಿತ್ತು, ಅಷ್ಟೇ.

ಅಷ್ಟಕ್ಕೆ ಇಷ್ಟೆಲ್ಲ ಯಾಕೆ? ಮೊದಲಿನಿಂದ ಹೇಳುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಿದ್ದಾಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ಅವರ ವಾರಗೆಯವರೆಲ್ಲ ಕಾಶಿಗೆ ಹೋದರೆ, ಇವರು ಮಂಗಳೂರಿಗೆ ಹೋಗಿ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ತಂದರು. ವರ್ಷಗಟ್ಟಲೆ ಮಕ್ಕಳು ಬರೆದ ಸೊಟ್ಟ ಕಾರುಗಳನ್ನು ತಿದ್ದಿದವರಿಗೆ ನೆಟ್ಟಗಿನದೊಂದು ಬೇಡವೇ? (ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಅದರಲ್ಲೇ ಮಾಗೋಡು ಜಲಪಾತಕ್ಕೆ ಹೋಗಿ ಬಂದಳು.)

ಮಳೆಗಾಲ ಕಳೆದದ್ದೇ ಕಾರಿಗೆ ಕಾಯಿಲೆ ಶುರುವಾಯಿತು. ಭಾವ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹಳೇ ಪಂಚೆಯ ತುಂಡಿನಲ್ಲಿ ಡಿಪ್‌ಸ್ಟಿಕ್ ಎಂಬ ಎಣ್ಣೆ ಅಳೆಯುವ ಕಡ್ಡಿ ಒರೆಸಿ, ಅದ್ದಿ ನೋಡುತ್ತಾರೆ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರುವುದಿಲ್ಲ. ಹಾಕುತ್ತಾರೆ. ಎರಡು ದಿನ ಬಿಟ್ಟರೆ ಮತ್ತೆ ಅದೇ ಕಥೆ. ಕೊನೆಗೆ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು.

ತೀರ್ಪು ಕೊಡುವವರಿಗೆ ನಮ್ಮಲ್ಲಿ ಬರವೇ? ಪಕ್ಕದ ಮನೆಯವರು, ಹಾಲಿನವರು, ಫೋನಿನಲ್ಲೇ ಕಾಯಿಲೆ ಪತ್ತೆಹಚ್ಚಿದ ದೂರದೂರಿನ ಮೆಕ್ಯಾನಿಕ್, ಎಲ್ಲರದ್ದೂ ಒಂದೇ ಮಾತು: ಎಂಜಿನ್ ಮುಗಿಯಿತು. ಶಿವಮೊಗ್ಗದವರೊಬ್ಬರು ಭಾನುವಾರ ಬಂದು ಕಾರನ್ನು ಒಯ್ಯುವುದೆಂದು ಮಾತಾಯಿತು. ಓಡಿಸಲಿಕ್ಕಲ್ಲ, ಬಿಚ್ಚಿ ಬಿಡಿಭಾಗ ಮಾರಲಿಕ್ಕೆ.

ಶನಿವಾರ ಬೆಳಿಗ್ಗೆ ಅಕ್ಕ ಶಿರಸಿಯಲ್ಲಿರುವ ನನಗೆ ಫೋನ್ ಮಾಡಿದಳು. "ನಿನ್ನ ಭಾವ ಸರಿ ಊಟ ಮಾಡ್ತ್ವಿಲ್ಲೆ. ಒಂದ್ಸಲ ಬಂದು ಹೋಗೆ."

ಹೋದೆ. ಭಾವ ಕಾರು ಒರೆಸುತ್ತಿದ್ದರು. "ಕಡೇ ಸಲ ಒಂದು ರೌಂಡ್ ಹೋಪನ ಬಾರೆ" ಎಂದರು. ಹತ್ತಿ ಕೂತೆ.

ಕೋಲಸಿರ್ಸಿ ಮುಟ್ಟುವಾಗ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ. ಹೆದರಿ ಮಂಜಣ್ಣನ ಶೆಡ್ಡಿನ ಎದುರು ನಿಲ್ಲಿಸಿದೆವು. ಮಂಜಣ್ಣ ಟಿಲ್ಲರ್ ಬಿಟ್ಟು ಎದ್ದು ಬಂದು, ಎಂಜಿನ್ನಿಗೆ ಕಿವಿಗೊಟ್ಟ.

"ಎಂಜಿನ್ ಹೋಗಿದ್ರೆ ಈ ಏರು ಹತ್ತಿ ಬರ್ತಿರ್ಲಿಲ್ಲ ಮೇಷ್ಟ್ರೆ. ಎಣ್ಣೆ ಯಾವಾಗ ನೋಡ್ತೀರಿ?"

"ಬೆಳಿಗ್ಗೆ. ತಣ್ಣಗಿದ್ದಾಗ."

"ಗಾಡಿ ಹ್ಯಾಂಗೆ ನಿಲ್ಸಿರ್ತೀರಿ?"

"ಇಳಿಜಾರಿಗೆ ಮುಖ ಮಾಡಿ. ಮತ್ತೆ ಹ್ಯಾಂಗೆ ನಿಲ್ಸೂದು?"

ನಿಜ, ಮತ್ತೆ ಹೇಗೆ? ನಮ್ಮ ಕಡೆ ಗಾಡಿ ನಿಲ್ಲಿಸುವುದೇ ಹಾಗೆ. ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಬಹುದಲ್ಲ. ನಾನೂ ಹಾಗೇ ನಿಲ್ಲಿಸುತ್ತೇನೆ, ನೀವೂ ಹಾಗೇ ನಿಲ್ಲಿಸುತ್ತೀರಿ.

ಮಂಜಣ್ಣ ಕಾರಿನ ಜೊತೆ ಬಂದ ಪುಸ್ತಕ ಕೇಳಿದ. ಅದು ಪ್ಲಾಸ್ಟಿಕ್ ಕವರಿನಿಂದ ಹೊರಬಂದೇ ಇರಲಿಲ್ಲ. (ಮೂವತ್ತು ವರ್ಷ "ಪುಸ್ತಕ ತಂದಿಲ್ವಾ?" ಎಂದು ಮಕ್ಕಳನ್ನು ಗದರಿಸಿದ ಮೇಷ್ಟ್ರು!) ನಾನು ಓದಿ ಹೇಳಿದೆ. ಈ ಕಾರಿನಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕು. ಎಂಜಿನ್ ಆಫ್ ಮಾಡಿಟ್ಟರೆ ಟ್ಯಾಂಕಿನ ಎಣ್ಣೆ ನಿಧಾನಕ್ಕೆ ಎಂಜಿನ್ನಿಗೆ ಇಳಿದು, ಕಡ್ಡಿಗೆ ಸಿಗುವುದೇ ಇಲ್ಲ. ಹಾಗಾಗಿ ಗಾಡಿ ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ, ಎಂಜಿನ್ ಚಾಲೂ ಇರುವಾಗಲೇ, ಸಮತಟ್ಟು ನೆಲದಲ್ಲಿ ಅಳೆಯಬೇಕು.

ಬಿಸಿ ಇತ್ತು. ಚಾಲೂ ಇತ್ತು. ಆದರೆ ಸಮತಟ್ಟು ನೆಲ? ಮಂಜಣ್ಣನ ಶೆಡ್ಡೂ ಓರೆ, ಎದುರಿನ ರಸ್ತೆಯೂ ಓರೆ.

"ನಮ್ಮ ಕಣ ಐತಲ್ಲ" ಎಂದ ಮಂಜಣ್ಣ.

ಶೆಡ್ಡಿನ ಪಕ್ಕದಲ್ಲೇ, ರಸ್ತೆಗೆ ಕಾಣುವಂತೆ, ಭತ್ತ ಬಡಿಯುವ ಕಣ. ಸಗಣಿ ಸಾರಿಸಿ, ನಾಲ್ಕು ದಿನದಲ್ಲಿ ಬರುವ ತೆನೆಗಾಗಿ ತಯಾರಾಗಿತ್ತು. ಅಂಚಿನಲ್ಲಿ ಮಂಜಣ್ಣನ ತಾಯಿ ಗೌರಮ್ಮ ಕೂತಿದ್ದರು. ವಿಷಯ ಕೇಳಿ ನಮ್ಮ ಕಾಲು ನೋಡಿದರು.

"ಕಣಕ್ಕೆ ಚಪ್ಪಲಿ ಹಾಕ್ಕೊಂಡು ಬರೂದಿಲ್ಲ."

ಬಿಟ್ಟೆವು. ಆಮೇಲೆ ಅವರು ಕಾರಿನ ನಾಲ್ಕೂ ಚಕ್ರಗಳನ್ನು ನೋಡಿದರು. ಅನ್ನ ಬೀಳುವ ಜಾಗಕ್ಕೆ ಊರೆಲ್ಲ ಸುತ್ತಿದ ಟಯರು ಬರುವುದು ಹೇಗೆ? ಭಾವನ ಮುಖ ಸಣ್ಣಗಾಯಿತು. ಗೌರಮ್ಮ ಸ್ವಲ್ಪ ಯೋಚಿಸಿ, ಬಕೆಟ್ ತೋರಿಸಿದರು.

"ಅದಕ್ಕೂ ಕಾಲು ತೊಳೀರಿ. ಆಮೇಲೆ ಬರ್ಲಿ."

ತೊಳೆದೆವು. ಕೆಂಪು ಕಾರು ಒದ್ದೆಗಾಲಲ್ಲಿ ಮೆಲ್ಲಗೆ ಕಣ ಹತ್ತಿ ನಿಂತಿತು. "ಬಂದ್ ಮಾಡ್ಬೇಡಿ" ಎಂದು ಮಂಜಣ್ಣ ಕಡ್ಡಿ ಎಳೆದು, ಒರೆಸಿ, ಅದ್ದಿ, ಮತ್ತೆ ಎಳೆದ. ಭಾವ ಆಚೆ ತಿರುಗಿದರು. "ನೀನೇ ನೋಡಿ ಹೇಳೆ ಮಾರಾಯ್ತಿ."

ನೋಡಿದೆ. ಎಣ್ಣೆ ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲಿತ್ತು.

"ಕಾರು ಎಣ್ಣೆ ಕುಡೀತಿರ್ಲಿಲ್ಲ ಮೇಷ್ಟ್ರೆ, ನೀವೇ ಕುಡಿಸ್ತಿದ್ರಿ" ಎಂದ ಮಂಜಣ್ಣ. "ಹೆಚ್ಚಾಗಿದ್ದು ಉರಿದು ಹೊಗೆ ಆಗ್ತಿತ್ತು."

ಭಾವ ಕಣದ ಮೇಲೇ ಕೂತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಎರಡೂ ಇತ್ತೇನೋ.

ಕಾರನ್ನು ಶೆಡ್ಡಿಗೊಯ್ದು ಹೆಚ್ಚಿನ ಎಣ್ಣೆ ಡಬ್ಬಿಗೆ ಇಳಿಸಿ, ಇನ್ನೊಮ್ಮೆ ಓಡಿಸಿ ಬಿಸಿ ಮಾಡಿ, ಇನ್ನೊಮ್ಮೆ ಕಾಲು ತೊಳೆಸಿ ಅಳೆದಾಯಿತು. ಈಗ ಎರಡು ಗೆರೆಗಳ ನಡುವೆ. ಸಿದ್ದಾಪುರ ಮುಟ್ಟುವಷ್ಟರಲ್ಲಿ ಹೊಗೆ ತೆಳುವಾಗುತ್ತ ಹೋಗಿ ನಿಂತೇಹೋಯಿತು.

ನನ್ನ ಡಾಕ್ಟರ್ ನೆನಪಾದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವಳಿಗೆ, "ಐದು ನಿಮಿಷ ಕೂತ್ಕೊಳ್ಳಿ, ಆಮೇಲೆ ಬಿಪಿ ನೋಡುವ" ಎನ್ನುತ್ತಾರೆ. ಒಂದು ಪರೀಕ್ಷೆಯಲ್ಲಿ ಬಿದ್ದ ಮಗುವಿಗೆ, ಒಂದು ದಿನ ಮುಖ ಕೊಟ್ಟು ಮಾತಾಡದ ಸೊಸೆಗೆ ನಾವು ಆ ಐದು ನಿಮಿಷ ಕೊಡುತ್ತೇವೆಯೇ? ನಾನಂತೂ ಕೊಟ್ಟದ್ದು ಕಡಿಮೆ. ಇನ್ನು ಮೇಲೆ ಕೊಡಬಹುದು, ಕಾಲ ಮೀರಿಲ್ಲ.

ಅಂದು ಸಂಜೆ ಭಾವ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡು, ಶಿವಮೊಗ್ಗದವರಿಗೆ ಫೋನ್ ಮಾಡಿದರು. ನಾಳೆ ಬರಬೇಡಿ ಎಂದರು. ಯಾಕೆ, ಗಾಡಿ ಸರಿಯಾಯಿತೇ ಎಂದು ಅವರು ಕೇಳಿರಬೇಕು.

"ಗಾಡಿ ಸರಿಯಾಗೇ ಇತ್ತು" ಎಂದರು ಭಾವ. "ಅಳೆದವನು ಸರಿ ಇರಲಿಲ್ಲ."