ಕಂಬಿಯಿಲ್ಲದ ಬದಿ

ನನ್ನ ಅಕ್ಕ ಈನಿಡ್ ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಟೀ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದವಳು. ಉಸಿರು ಬಿಗಿಹಿಡಿದು ಒಂದೇ ಸುತ್ತಿಗೆ ಗೆರೆ ಮುಗಿಸುತ್ತಿದ್ದಳು, ಕುಂಚ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಅಂಥವಳಿಗೆ ನನ್ನ ಭಾವ ಡೆಸ್ಮಂಡ್ ಹೇಳುತ್ತಿದ್ದ ಮಾತು, "ದೋಣಿ ನಡೆಸೋಕೆ ಕೈ ಗಟ್ಟಿ ನಿಲ್ಬೇಕು ಕಣೇ, ನಿನ್ನಿಂದಾಗಲ್ಲ." ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬೇಸಿಗೆ ಬಂತೆಂದರೆ ನಾವು ಮೂವರೂ ಒಂದು ವಾರ ಬಾಡಿಗೆ ದೋಣಿ ಹಿಡಿದು ಕಾಲುವೆಗೆ ಹೋಗುತ್ತಿದ್ದೆವು. ಉದ್ದನೆಯ, ಕಿರಿದಾದ ದೋಣಿ. ಒಲೆ, ಹಾಸಿಗೆ ಎಲ್ಲ ಅದರಲ್ಲೇ. ನಡೆಸುವವರೂ ನಾವೇ. ನಾವೇ ಎಂದರೆ ಭಾವ. ಅವನು ಹಿಂದೆ ನಿಂತು ಚುಕ್ಕಾಣಿ ಹಿಡಿಯುವುದು, ಅಕ್ಕ ದಡಕ್ಕೆ ಹಾರಿ ನೀರು ಏರಿಸಿ ಇಳಿಸುವ ಲಾಕಿನ ಗೇಟುಗಳಿಗೆ ಬೆನ್ನು ಕೊಟ್ಟು ನೂಕುವುದು, ಮದುವೆಯಾಗದ ನಾನು ಟೀ ಕಾಸುವುದು. ಕಾಲುವೆಯ ಮೇಲೆ ಹೆಚ್ಚಿನ ದಂಪತಿಗಳದ್ದು ಇದೇ ಏರ್ಪಾಡು. ಚುಕ್ಕಾಣಿ ಬಿಟ್ಟರೆ ಮೀಸೆ ಉದುರುತ್ತದೆಂದು ಗಂಡಸರು ತಿಳಿದಿರುತ್ತಾರೆ.

ಯಾವ ಸೀಮೆಗೆ ಹೋಗಬೇಕೆಂದು ತೀರ್ಮಾನವಾಗುತ್ತಿದ್ದುದು ಕ್ರಿಸ್‌ಮಸ್ ಮುಗಿದ ಮೇಲೆ. ಉಳಿದ ಹಣ್ಣಿನ ಕೇಕಿನ ಜೊತೆ ಚೀಸ್ ತುಂಡು ಇಟ್ಟುಕೊಂಡು ಅಕ್ಕನ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡುತ್ತಿದ್ದೆವು. ಒಂದು ವರ್ಷ ಭಾವನ ಆಯ್ಕೆ, ಮರುವರ್ಷ ಅಕ್ಕನದು. ಅಕ್ಕನ ಸರದಿ ಬಂದಾಗಲೆಲ್ಲ ಅವಳ ಬೆರಳು ನೇರ ವೇಲ್ಸ್ ಗಡಿಗೆ, ಲಾಂಗೊಲೆನ್ ಕಾಲುವೆಗೆ ಹೋಗುತ್ತಿತ್ತು. ಅಲ್ಲಿ ಎತ್ತರದ ಸೇತುವೆ ಕಟ್ಟಿ, ಕಾಲುವೆಯನ್ನೇ ಕಬ್ಬಿಣದ ತೊಟ್ಟಿಯಲ್ಲಿ ಕಣಿವೆ ದಾಟಿಸಿದ್ದಾರೆ. ಒಂದು ಬದಿಗೆ ಕಂಬಿ ಹಾಕಿದ ಕಾಲುದಾರಿ. ಇನ್ನೊಂದು ಬದಿಗೆ ಏನೂ ಇಲ್ಲ. ದೋಣಿಯ ಅಂಚಿನಿಂದಾಚೆ ಬರೀ ಗಾಳಿ, ಪಾತಾಳದಲ್ಲಿ ನದಿ.

"ಅಲ್ಲಿಗೊಂದು ಬೇಡ, ಈನಿಡ್," ಎನ್ನುತ್ತಿದ್ದ ಭಾವ. "ಸ್ಟೂಲ್ ಹತ್ತಿದ್ರೇ ನಂಗೆ ತಲೆ ಸುತ್ತುತ್ತೆ. ಆ ಸೇತುವೆ ಮೇಲೆ ನನ್ನ ಹೆಣಾನೇ ಬೀಳುತ್ತೆ."

"ಸರಿ ಬಿಡು," ಎನ್ನುತ್ತಿದ್ದಳು ಅಕ್ಕ. ಬೆರಳು ಕೆಳಗೆ ಜಾರಿ ಆಕ್ಸ್‌ಫರ್ಡಿನ ಹುಲ್ಲುಗಾವಲಿಗೋ ಆಶ್‌ಬಿಯ ಬಯಲಿಗೋ ಬಂದು ನಿಲ್ಲುತ್ತಿತ್ತು. ಒಮ್ಮೆ ನಾನು ಫ್ರಾನ್ಸಿಗೆ ಹೋಗೋಣವೆಂದೆ. "ಅಲ್ಲಿಯವ್ರಿಗೆ ಟೀ ಮಾಡೋಕೆ ಬರಲ್ಲ," ಎಂದ ಭಾವ. ಟೀ ಮಾಡುವವಳು ನಾನು, ಫ್ರಾನ್ಸಲ್ಲ, ಎಂದರೆ ಕೇಳಿಸಿಕೊಳ್ಳುವವರಾರು!

ಗಂಡನ ಈ ಭಯವನ್ನು ಅಕ್ಕ ಯಾರ ಮುಂದೆಯೂ ಆಡಿ ತೋರಿಸಲಿಲ್ಲ. ವೇಲ್ಸಿಗೆ ಯಾಕೆ ಹೋಗಿಲ್ಲವೆಂದು ಯಾರಾದರೂ ಕೇಳಿದರೆ, "ನಂಗೇ ಎತ್ತರ ಆಗಲ್ಲಪ್ಪಾ," ಎಂದು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಭಾವ ಪಕ್ಕದಲ್ಲೇ ಬಿಯರ್ ಹೀರುತ್ತಾ ತಲೆಯಾಡಿಸುತ್ತಿದ್ದ.

ಕಳೆದ ವರ್ಷ ಅಕ್ಕನ ಮಂಡಿ ಕೈಕೊಟ್ಟಿತು. ನಕ್ಷೆ ಹರಡುವ ಮೊದಲೇ ಅವಳೆಂದಳು, "ಈ ಸಲ ವೇಲ್ಸ್. ಗೇಟು ನೂಕೋ ಕೆಲ್ಸ ಇದೇ ಕೊನೆ. ಆ ಸೇತುವೆ ಮೇಲಾದ್ರೂ ಒಂದ್ಸಲ ಚುಕ್ಕಾಣಿ ನಂಗೆ ಬೇಕು."

"ಸೇತುವೆ ಬಂದಾಗ ನೀನು ಒಳಗೆ ಮುಸುಕು ಹಾಕ್ಕೊಂಡು ಮಲಗು, ಡೆಸ್ಮಂಡ್," ಎಂದು ನಾನೂ ಒಗ್ಗರಣೆ ಹಾಕಿದೆ. ಅವನು ಗೊಣಗಿದ. ಆದರೆ ಹೇಳಲು ಬೇರೆ ನೆಪ ಉಳಿದಿರಲಿಲ್ಲ.

ಎಲ್ಸ್‌ಮಿಯರ್‌ನಲ್ಲಿ ದೋಣಿ ಬಾಡಿಗೆಗೆ ಕೊಡುವ ಕಟ್ಟೆಗೆ ಹೋದೆವು. ಆ ನೀರಿಗೆ ಹೊಸಬರಾದವರನ್ನು ನಿಲ್ಲಿಸಿಕೊಂಡು ಎಲ್ಲ ಹೇಳಿಕೊಟ್ಟ ಮೇಲೆಯೇ ಕೀಲಿ ಕೊಡುವುದು ರೂಢಿ. ಅಲ್ಲಿನ ಯಜಮಾನ ನನಗೂ ಅಕ್ಕನಿಗೂ ಹೇಳತೊಡಗಿ, ಭಾವನ ಕಡೆ ತಿರುಗಿ ನಕ್ಕ. "ನಿಮಗೇನ್ರೀ ಹೇಳೋದು? ಹೋದ ವಸಂತದಲ್ಲಿ ತಾನೆ ಬಂದಿದ್ರಿ!"

"ನಾನಾ? ಬೇರೆ ಯಾರೋ ಇರ್ಬೇಕು," ಎಂದ ಭಾವ.

ಯಜಮಾನ ಅಕ್ಕನ ಮುಖ ನೋಡಿದ. ಅವನ ನಗು ಆರಿತು. "ಹಾಂ, ಇರಬಹುದು. ಟೋಪಿ ಹಾಕ್ಕೊಂಡ ಮುದುಕ್ರೆಲ್ಲ ಒಂದೇ ಥರ ಕಾಣ್ತಾರೆ," ಎಂದು ಅವಸರದಲ್ಲಿ ಕೀಲಿ ಕೊಟ್ಟ. ಹೋದ ವಸಂತದಲ್ಲಿ ಭಾವ ಗೆಳೆಯರ ಜೊತೆ ಮೀನು ಹಿಡಿಯಲು ಹೋಗಿದ್ದನೆಂದು ನನಗೆ ನೆನಪಾಯಿತು. ಅಕ್ಕನಿಗೂ ನೆನಪಾಗಿತ್ತು. ಆ ಮನುಷ್ಯನಿಗೆ ಗುರುತು ತಪ್ಪಿರಲಿ ಎಂದು ಅವಳು ಆಸೆಪಡುತ್ತಿದ್ದುದು ಅವಳ ಮುಖದ ಮೇಲೇ ಇತ್ತು. ದೇವರಾಣೆ, ನಾನೂ ಅದನ್ನೇ ಬಯಸಿದೆ.

ಮರುದಿನ ಸೇತುವೆ ಬಂತು. ನಾನು ಹೇಳಿದ್ದ ಹಾಗೆಯೇ ಭಾವ ಒಳಗೆ ಹೋಗಿ ಮುಸುಕೆಳೆದ. ಅಕ್ಕ ಚುಕ್ಕಾಣಿ ಹಿಡಿದಳು, ನಾನು ಪಕ್ಕದಲ್ಲಿ ನಿಂತೆ. ತೊಟ್ಟಿಯ ಬಾಯಿ ದೋಣಿಯ ಅಗಲಕ್ಕಿಂತ ಸ್ವಲ್ಪವೇ ದೊಡ್ಡದು. ಮೂತಿ ಧಡ್ಡೆಂದು ಮೂಲೆಗೆ ಬಡಿಯಿತು. ಬಣ್ಣ ಕೆರೆಯುವ ಸದ್ದು ಕೇಳಿದ್ದೇ ತಡ, ಭಾವ ಬಾಣದಂತೆ ಹೊರಗೆ ಬಂದ.

"ಅಯ್ಯೋ, ಏನೇ ಮಾಡ್ತಿದ್ದೀಯ! ಅತ್ತ ತಳ್ಳು, ಅತ್ತ!"

ಎನ್ನುತ್ತಲೇ ದೋಣಿಯ ಅಂಚಿಗೆ ಕಾಲಿಟ್ಟ. ಕಂಬಿಯಿಲ್ಲದ ಬದಿ. ಅಂಗೈಯಗಲದ ಆ ಪಟ್ಟಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಸಲೀಸಾಗಿ ಓಡಾಡಿದ. ಬಗ್ಗಿ ಬಣ್ಣ ನೋಡಿದ, "ಹಾಳಾಯ್ತು" ಎಂದು ಬೈದ, ಜೇಬಿಗೆ ಕೈಯಿಳಿಸಿ ನಿಂತ. ಅವನ ಹಿಮ್ಮಡಿಯ ಕೆಳಗೆ ಮರಗಳ ತಲೆ ಕಾಣುತ್ತಿತ್ತು.

"ಡೆಸ್ಮಂಡ್," ಎಂದಳು ಅಕ್ಕ ಮೆತ್ತಗೆ. "ನದಿ ಹೇಗಿದೆ?"

ಅವನು ಬಗ್ಗಿ ನೋಡಿದ. "ತುಂಬಿ ಹರೀತಿದೆ," ಎಂದ. ಆಮೇಲೆ ಹೊಳೆದಿರಬೇಕು. ಥಟ್ಟನೆ ಕೈ ಚಾಚಿ ದೋಣಿಯ ಮಾಡು ಹಿಡಿದುಕೊಂಡ. ಅಷ್ಟೊತ್ತಿಗೆ ಯಾರಿಗೆ ಬೇಕಿತ್ತು ಆ ನಾಟಕ?

ದೋಣಿ ತನ್ನ ಪಾಡಿಗೆ ಸಾಗುತ್ತಿತ್ತು. ಹೋದ ವಸಂತದಲ್ಲಿ ಅವನ ಜೊತೆ ಬಂದಿದ್ದವಳು ಯಾರೆಂದು ಅಕ್ಕ ಕೇಳಲಿಲ್ಲ. ಕೇಳಿದ್ದು ಒಂದೇ: "ಇಲ್ಲಿ ಚುಕ್ಕಾಣಿ ಯಾರು ಹಿಡಿದಿದ್ರು?"

ಮಾಡಿನಿಂದ ಕೈ ತೆಗೆದು ಅವನೆಂದ, "ಅವಳು ಕೇಳಿದ್ಲು. ಕೊಟ್ಟೆ."

"ನಾನೂ ಕೇಳಿದ್ದೆ," ಎಂದಳು ಅಕ್ಕ.

ಆಚೆ ದಡದಲ್ಲಿ ದೋಣಿ ನಿಲ್ಲಿಸಿ ಅವನ ಚೀಲವನ್ನು ದಾರಿಯ ಮೇಲಿಟ್ಟಳು. ಅವನು ಬಸ್ಸು ಹುಡುಕಿಕೊಂಡು ಹೋದ. ಉಳಿದ ವಾರವೆಲ್ಲ ಅಕ್ಕನೇ ದೋಣಿ ನಡೆಸಿದಳು, ಎಲ್ಲೂ ಒಂದು ಗೀರೂ ಬೀಳದ ಹಾಗೆ. ಬೆಟ್ಟ ಎಷ್ಟು ಚೆನ್ನಾಗಿದೆ ನೋಡು ಎಂದು ನಾನು ಅಂದಾಗಲೆಲ್ಲ ನೋಡಿದಳು, ಅಷ್ಟೇ.

ಈ ಕ್ರಿಸ್‌ಮಸ್ ಆದ ಮೇಲೆ ನನ್ನ ಮೇಜಿನ ಮೇಲೆ ನಕ್ಷೆ ಹರಡಿದೆವು, ಕೇಕೂ ಚೀಸೂ ಇಟ್ಟುಕೊಂಡು. "ಇನ್ಮೇಲೆ ಎಲ್ಲ ವರ್ಷವೂ ನಿನ್ನದೇ ಸರದಿ," ಎಂದೆ. ಅಕ್ಕನ ಬೆರಳು ನೀಲಿ ಗೆರೆಗಳ ಮೇಲೆ ತುಂಬ ಹೊತ್ತು ಓಡಾಡಿತು. ಎಲ್ಲೂ ಇಳಿಯಲಿಲ್ಲ.

"ಇದೆಲ್ಲ ಅವನ ತಲೆ ಸುತ್ತದೆ ಇರ್ಲಿ ಅಂತ ಆರಿಸಿದ್ದು, ಬೆರಿಲ್," ಎಂದಳು. "ನಂಗೆ ಯಾವುದು ಇಷ್ಟ ಅಂತ ನಂಗೇ ಗೊತ್ತಿಲ್ಲ ಕಣೇ."