ಪಕ್ಕದ ಮನೆಯ ರೆಫರಿ

ಎಪ್ಪತ್ತರ ದಶಕದಲ್ಲಿ, ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಇಂಜಿನಿಯರ್ ಭಾನುವಾರ ಬಂತೆಂದರೆ ಪಾರ್ಕಿನಲ್ಲಿ ಸಾಕರ್ ರೆಫರಿ. ಆಡುವವರು ಪೋಲೆಂಡ್, ಮೆಕ್ಸಿಕೋಗಳಿಂದ ಬಂದ ಕಾರ್ಖಾನೆ ಕೆಲಸಗಾರರು. ಫೌಲ್ ಕೊಟ್ಟರೆ ಯಾಕೆ ಕೊಟ್ಟೆ ಎಂದು ಎರಡೂ ತಂಡಗಳಿಗೆ ನಿಂತು ವಿವರಿಸುತ್ತಿದ್ದರು. ಅಷ್ಟರಲ್ಲಿ ಆಟದ ಬಿಸಿಯೇ ಆರಿಹೋಗುತ್ತಿತ್ತು.

ನಾವು ನೆರೆಹೊರೆಯವರು ಊಟಕ್ಕೆ ಸೇರಿದಾಗಲೂ ಇದೇ ಕಥೆ. ವಿಯೆಟ್ನಾಂ ಯುದ್ಧವಿರಲಿ, ಅಧ್ಯಕ್ಷರ ರಾಜೀನಾಮೆಯಿರಲಿ, ಪೆಟ್ರೋಲ್ ಸಿಗದೆ ಗ್ಯಾಸ್ ಸ್ಟೇಷನ್ನಿನಲ್ಲಿ ಬೆಳೆದ ಕ್ಯೂ ಇರಲಿ, ಯಾರಾದರೂ ಖಚಿತವಾಗಿ ಮಾತಾಡಿದರೆ ಸಾಕು, ಕನ್ನಡಕ ಒರೆಸುತ್ತಾ, "ಆ ಕಡೆಯಿಂದಾನೂ ಸ್ವಲ್ಪ ನೋಡೋಣ" ಎನ್ನುತ್ತಿದ್ದರು. ಎಲ್ಲರೂ ರೇಗುತ್ತಿದ್ದರು. ನನಗಂತೂ ತಟ್ಟೆ ಬಿಟ್ಟು ಏಳುವಷ್ಟು ಸಿಟ್ಟು ಬರುತ್ತಿತ್ತು. ಅವರಿಗೆ ಅದೇ ಸಮಾಧಾನ. "ಇಬ್ಬರೂ ಬೈದ್ರೆ ನಾವು ಸರಿಯಾಗಿ ಮಧ್ಯದಲ್ಲಿದೀವಿ ಅಂತ ಕಣಯ್ಯಾ."

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದಾಗ ಅವರು ಪೆನಾಲ್ಟಿ ಕೊಟ್ಟರು. ಗೆರೆಯಾಚೆ ನಿಂತು ನೋಡುತ್ತಿದ್ದವನೊಬ್ಬ ಅವರ ಮೈಬಣ್ಣ ಹಿಡಿದು ಬೈಯುತ್ತಾ, ನಿನ್ನ ದೇಶಕ್ಕೆ ಹೊರಡು ಎಂದು ಮೈದಾನದೊಳಕ್ಕೇ ನುಗ್ಗಿದ. ಅದೇ ಪೆನಾಲ್ಟಿಗಾಗಿ ಕಾದಾಡುತ್ತಿದ್ದ ಎರಡೂ ತಂಡದವರು ಜಗಳ ಬಿಟ್ಟು ಬಂದು ಇವರ ಸುತ್ತ ಗೋಡೆಯ ಹಾಗೆ ನಿಂತರು. ಅವನು ಗೊಣಗುತ್ತಾ ಹೊರಟುಹೋದ. ಇವರು ವಿಸಿಲ್ ಊದಿ ಆಟ ಮುಂದುವರಿಸಿದರು. ಆಮೇಲೆ ಆಟಗಾರರಲ್ಲಿ ಒಬ್ಬನೂ ಇವರನ್ನು ಬೈಯಲಿಲ್ಲ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಅವರೇ ಡ್ರೈವ್ ಮಾಡುತ್ತಿದ್ದರು. "ಈಗ ಆ ಮನುಷ್ಯನ ಕಡೆಯಿಂದ ನೋಡಿದ್ರೆ..." ಎಂದು ಶುರು ಮಾಡಿದರು. ಮಾತು ಮುಂದುವರಿಯಲಿಲ್ಲ.

"ಸರ್, ನಾವು ಹೆದ್ದಾರಿಯಿಂದ ಇಳೀಬೇಕಾಗಿದ್ದ ಎಕ್ಸಿಟ್ ಹೋಯ್ತು" ಎಂದೆ.

"ಹೋಗ್ಲಿ ಬಿಡು" ಎಂದರು.